ಮೀನಿಗೆ ದನದ ಖನಿಜ ಮಿಶ್ರಣ ಬೇಡ

ಮಾನ್ಯ ಸಂಪಾದಕರೇ,

ಕೃಷಿ ಹೊಂಡಗಳಲ್ಲಿ ಮೀನು ಸಾಕುವವರು ನಮ್ಮ ಕಡೆ ಜಾಸ್ತಿಯಾಗಿದ್ದಾರೆ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿ ಬಿಟ್ಟು, ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡು ಕಲಸಿ ಹಾಕುತ್ತಾರೆ. ತೂಕ ಬರಲಿಲ್ಲ ಅಂದರೆ ಕೊಟ್ಟಿಗೆಯಲ್ಲಿರುವ ದನದ ಖನಿಜ ಮಿಶ್ರಣವನ್ನೇ ಒಂದಿಷ್ಟು ಬೆರೆಸುವವರೂ ಇದ್ದಾರೆ. ಹಸುವಿಗೆ ಒಳ್ಳೆಯದಾದದ್ದು ಮೀನಿಗೂ ಒಳ್ಳೆಯದೇ ಅಲ್ವಾ ಎಂಬ ನಂಬಿಕೆ. ಇದು ತಪ್ಪು ಎಂದು ಯಾರಾದರೂ ಅವರಿಗೆ ಹೇಳಬೇಕು.

ಕಾಟ್ಲಾ, ರೋಹು ಸೇರಿದಂತೆ ಗೆಂಡೆ ಜಾತಿಯ ಮೀನುಗಳಿಗೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ, ಅದನ್ನು ಕರಗಿಸಲು ಆಮ್ಲ ಸಿಗುವುದಿಲ್ಲ. ಹಾಗಾಗಿ ಮೂಳೆಗೆ, ಬೆಳವಣಿಗೆಗೆ ಬೇಕಾದ ರಂಜಕ (ಫಾಸ್ಫರಸ್) ಮೇವಿನಲ್ಲಿ ಎಷ್ಟಿದೆ ಎನ್ನುವುದಕ್ಕಿಂತ ಅದು ಯಾವ ರೂಪದಲ್ಲಿದೆ ಎನ್ನುವುದೇ ಮುಖ್ಯ. ಮೊನೊಕ್ಯಾಲ್ಸಿಯಂ ಫಾಸ್ಫೇಟ್ ಎಂಬ ರಂಜಕದ ಲವಣ ಕೊಟ್ಟರೆ ಅದರಲ್ಲಿರುವ ರಂಜಕದ ಸುಮಾರು ಶೇ 94ರಷ್ಟು ಸಾಮಾನ್ಯ ಗೆಂಡೆಗೆ ದಕ್ಕುತ್ತದೆ. ದನದ ಮಿಶ್ರಣದಲ್ಲಿ ಸಾಮಾನ್ಯವಾಗಿ ಇರುವ ಡಿಸಿಪಿಯಿಂದ (ಡೈಕ್ಯಾಲ್ಸಿಯಂ ಫಾಸ್ಫೇಟ್) ದಕ್ಕುವುದು ಶೇ 46ರಷ್ಟು. ಮೂಳೆಯಲ್ಲಿರುವಂಥ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಆದರೆ ಬರೀ ಶೇ 13.

ತೌಡಿನಲ್ಲಿ ರಂಜಕ ಬೇಕಾದಷ್ಟಿದೆ ನಿಜ. ಆದರೆ ಅದರ ಬಹುಪಾಲು ಫೈಟೇಟ್ ಎಂಬ ಗಂಟಿನಲ್ಲಿ ಸಿಕ್ಕಿಕೊಂಡಿದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಗಂಟನ್ನು ಬಿಚ್ಚುತ್ತವೆ, ಮೀನಿಗೆ ಆ ಅನುಕೂಲವಿಲ್ಲ. ಅದೇ ಫೈಟೇಟ್ ಸತುವನ್ನೂ ಹಿಡಿದಿಡುತ್ತದೆ. ಮೇಲಿಂದ ದನದ ಮಿಶ್ರಣದ ಕ್ಯಾಲ್ಸಿಯಂ ಸುರಿದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಮೀನು ತನಗೆ ಬೇಕಾದ ಕ್ಯಾಲ್ಸಿಯಂನ ಹೆಚ್ಚಿನ ಪಾಲನ್ನು ಕಿವಿರಿನ ಮೂಲಕ ನೀರಿನಿಂದಲೇ ಪಡೆಯುತ್ತದೆ. ಅಂದರೆ ನಾವು ದುಡ್ಡು ಕೊಟ್ಟು ಹಾಕುವ ಸುಣ್ಣದಂಶ ಅದಕ್ಕೆ ಅಷ್ಟಾಗಿ ಬೇಕೇ ಇಲ್ಲ, ಸತು ಮಾತ್ರ ಕೈತಪ್ಪುತ್ತದೆ. ಸತು ಕಡಿಮೆಯಾದರೆ ಬೆಳವಣಿಗೆ ಕುಂಠಿತವಾಗುತ್ತದೆ, ರೆಕ್ಕೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಮೂಳೆಯ ಅಂಶ ಹೆಚ್ಚಿದ್ದ ಮೀನಿನ ಪುಡಿ ತಿಂದ ಟ್ರೌಟ್ ಮೀನುಗಳಿಗೆ ಹೀಗೆ ಕಣ್ಣು ಮಂಜಾಗಿದ್ದು 1970ರ ದಶಕದಲ್ಲೇ ಗೊತ್ತಾಗಿತ್ತು. ಮೇವಿಗೆ ಸತು ಸೇರಿಸಿದಾಗ ಆ ತೊಂದರೆ ಬರಲಿಲ್ಲ.

ಮೀನಿಗೆ ದಕ್ಕದ ರಂಜಕ ಸುಮ್ನೆ ಮಾಯವಾಗುವುದಿಲ್ಲ. ಹಿಕ್ಕೆಯ ಜೊತೆ ಹೊಂಡಕ್ಕೆ ಸೇರುತ್ತದೆ, ಪಾಚಿ ಬೆಳೆಯುತ್ತದೆ, ನೀರು ಕಡು ಹಸಿರಾಗುತ್ತದೆ. ಪಾಚಿ ಅತಿಯಾದ ಹೊಂಡದಲ್ಲಿ ಬೆಳಗಿನ ಜಾವ ಆಮ್ಲಜನಕ ಕುಸಿದು ಮೀನು ಮೇಲೆ ಬಂದು ಬಾಯಿ ಬಿಡುತ್ತದೆ.

ಮೀನುಗಾರಿಕೆ ಇಲಾಖೆಯವರಲ್ಲಿ ನನ್ನ ಮನವಿ ಇಷ್ಟೇ. ತರಬೇತಿಗಳಲ್ಲಿ ಮರಿ ಎಷ್ಟು ಬಿಡಬೇಕು, ಪ್ರೋಟೀನ್ ಎಷ್ಟಿರಬೇಕು ಎಂದು ಹೇಳುವಾಗ ಖನಿಜದ ಈ ವಿಚಾರಕ್ಕೂ ಅರ್ಧ ಗಂಟೆ ಕೊಡಿ. ತೌಡು, ಹಿಂಡಿಯನ್ನು ಹುದುಗು ಬರಿಸಿ ಹಾಕಿದರೆ ಫೈಟೇಟ್ ಕಡಿಮೆಯಾಗುತ್ತದೆ, ಅದನ್ನು ಮಾಡಿ ತೋರಿಸಿ. ಮೇವು ತಯಾರಿಸುವವರು ಚೀಲದ ಮೇಲೆ ಮೀನಿಗೆ ದಕ್ಕುವ ರಂಜಕ ಎಷ್ಟು, ಸತು ಎಷ್ಟು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಲಿ.

– ಒಬ್ಬ ಮೀನು ಕೃಷಿಕ, ಮಂಡ್ಯ ಜಿಲ್ಲೆ