ಟೇಲರ್ ಮಾವನ ಕಾಗದ

ಚೌಕಿಪೇಟೆ, ದಾವಣಗೆರೆ

ಚಿ. ಪುಟ್ಟುಗೆ ಮಾವನ ಆಶೀರ್ವಾದಗಳು.

ಮೊನ್ನೆ ನಿಮ್ಮವ್ವ ಫೋನ್ ಮಾಡಿದ್ದಳು. ಮೊದಲು ಮಳೆ ಸುದ್ದಿ, ಆಮೇಲೆ ಅಡಿಕೆ ರೇಟು, ಆಮೇಲೆ ಅಳು. ಚನ್ನಗಿರಿ ತೋಟದಲ್ಲಿ ಒಂದು ಎಕರೆ ಅಡ ಇಟ್ಟು ಆರು ಲಕ್ಷ ಕೊಡು ಅಂತ ಅಪ್ಪನನ್ನು ಕೇಳಿದ್ದೀಯಂತೆ. ಆ ದುಡ್ಡು ಹಾಕಿದರೆ ಮಾಡೆಲಿಂಗ್ ಮಾಡಿಕೊಂಡಿರುವ ನಿನ್ನನ್ನು ಯಾರೋ ಸಿನಿಮಾ ಹೀರೋ ಮಾಡುತ್ತಾರಂತೆ. ಫೋನಲ್ಲಿ ಹೇಳೋಣ ಅಂದರೆ ನೀನು ‘ಸಿಗ್ನಲ್ ಇಲ್ಲ ಮಾವ’ ಅಂತೀಯ. ಅದಕ್ಕೇ ಈ ಕಾಗದ.

ಆ ದುಡ್ಡು ಕೊಡಬೇಡ. ಯೋಚನೆ ಮಾಡಿ ನೋಡು ಅಂತಲೂ ಹೇಳುತ್ತಿಲ್ಲ, ಕೊಡಲೇಬೇಡ. ಬಟ್ಟೆ ಹೊಲಿಸುವವನು ಟೇಲರ್‌ಗೆ ಕೂಲಿ ಕೊಡುತ್ತಾನೆ. ಟೇಲರೇ ಗಿರಾಕಿ ಕೈಗೆ ದುಡ್ಡಿಟ್ಟು ‘ಒಂದು ಶರ್ಟ್ ಹೊಲಿಯೋಕೆ ಬಿಡಪ್ಪ’ ಅಂದರೆ ಆ ಅಂಗಡಿ ಎಷ್ಟು ದಿನ ನಡೆದೀತು? ಪೋರ್ಟ್‌ಫೋಲಿಯೋ ಫೋಟೋಗೆ ನೀನು ಖರ್ಚು ಮಾಡಿದ್ದು ಸರಿ. ಅದು ನನ್ನ ಕತ್ತರಿ, ಟೇಪು ಇದ್ದ ಹಾಗೆ. ಏಜೆನ್ಸಿಯವರು ಕೆಲಸ ಕೊಡಿಸಿ ಕಮಿಷನ್ ಮುರಿದುಕೊಂಡರೆ ಅದೂ ಸರಿ. ಆದರೆ ಕೆಲಸಕ್ಕೆ ಮುಂಚೆಯೇ ಆಡಿಷನ್ ಫೀ, ರಿಜಿಸ್ಟ್ರೇಷನ್ ಫೀ, ‘ಇನ್ವೆಸ್ಟ್‌ಮೆಂಟ್’ ಅಂತ ಕೈ ಚಾಚಿದವನ ಆಫೀಸಿನ ಮೆಟ್ಟಿಲು ಇಳಿದು ಬಾ. ಚಪ್ಪಲಿ ಮರೆತಿದ್ದರೂ ತಿರುಗಿ ಹೋಗಬೇಡ.

ಮಾವನಿಗೆ ಮಾಡೆಲಿಂಗ್ ಏನು ಗೊತ್ತು ಅಂತ ನಗಬೇಡ. ನಾನೂ ಒಂದು ಕಾಲದಲ್ಲಿ ಮಾಡೆಲ್ಲೇ! 1987ರಲ್ಲಿ, ನನಗಾಗ ಇಪ್ಪತ್ಮೂರು, ಇಲ್ಲಿನ ಒಂದು ಜವಳಿ ಅಂಗಡಿಯವರು ಸೂಟ್ ಹಾಕಿಸಿ ಫೋಟೋ ತೆಗೆಸಿದರು. ಸೂಟ್ ಹೊಲಿದವನೂ ನಾನೇ. ಆ ಫೋಟೋ ನೋಡಿಕೊಂಡು ಪೇಂಟರ್ ಒಬ್ಬ ಪಿ.ಬಿ. ರಸ್ತೆಯ ಗೋಡೆ ಮೇಲೆ ಆಳೆತ್ತರ ನನ್ನ ಚಿತ್ರ ಬರೆದ. ಮೂಗು ಸ್ವಲ್ಪ ಉದ್ದ ಬಂತು, ಇರಲಿ. ಹೆಣ್ಣು ನೋಡೋಕೆ ಹೋದಾಗ ನಿಮ್ಮತ್ತೆಯ ಅಪ್ಪ ‘ಗೋಡೆ ಮೇಲಿನ ಹುಡುಗ ಅಲ್ವಾ’ ಅಂದಿದ್ದರು. ಆ ಚಿತ್ರ ಹನ್ನೊಂದು ವರ್ಷ ಇತ್ತು. ನನ್ನ ಹೊಟ್ಟೆ ಬಂತು, ಗೋಡೆ ಮೇಲಿನವನಿಗೆ ಬರಲಿಲ್ಲ. ನನಗೆ ಸಿಕ್ಕಿದ್ದು ಒಂದು ಪ್ಯಾಂಟ್ ಪೀಸು. ಒಮ್ಮೆ ಧೈರ್ಯ ಮಾಡಿ ಕೇಳಿದೆ. ‘ಅದರ ಕೆಳಗೆ ನಿನ್ನ ಹೆಸರು ಬರೆದಿದ್ದೀವೇನಪ್ಪಾ?’ ಅಂದರು ಸಾಹುಕಾರರು. ಕಡೆಗೆ ರಸ್ತೆ ಅಗಲ ಮಾಡುವಾಗ ಗೋಡೆ ಹೋಯಿತು, ನಾನೂ ಹೋದೆ.

ಅದಕ್ಕೇ ಹೇಳೋದು, ಸಹಿ ಹಾಕುವ ಮುಂಚೆ ಕಾಂಟ್ರಾಕ್ಟ್ ಓದು. ಫೋಟೋ ಎಷ್ಟು ತಿಂಗಳು ಬಳಸುತ್ತಾರೆ? ಹೋರ್ಡಿಂಗ್‌ಗಾ, ಪೇಪರ್‌ಗಾ, ಇನ್‌ಸ್ಟಾಗ್ರಾಂಗಾ, ಎಲ್ಲದಕ್ಕೂನಾ? ಕರ್ನಾಟಕದಲ್ಲಿ ಮಾತ್ರವಾ, ದೇಶಕ್ಕೆಲ್ಲಾನಾ? ಒಂದು ಪಂಚೆ ಕಂಪನಿಗೆ ನಿಂತರೆ ಇನ್ನೊಂದು ಪಂಚೆ ಕಂಪನಿಗೆ ಎಷ್ಟು ದಿನ ನಿಲ್ಲಬಾರದು? ಈಗಂತೂ ನೀನು ಮನೆಯಲ್ಲಿ ಮಲಗಿದ್ದರೂ ಕಂಪ್ಯೂಟರ್ ನಿನ್ನ ಮೈಗೆ ಹೊಸ ಅಂಗಿ ತೊಡಿಸುತ್ತೆ. ಅದಕ್ಕೂ ಒಂದು ಸಾಲು ಬರೆಸಿಕೋ. ಇನ್ನೊಂದು, ನಿನ್ನ ಬಿಲ್ಲಿನಲ್ಲಿ 10 ಪರ್ಸೆಂಟ್ ಟಿಡಿಎಸ್ ಅಂತ ಆದಾಯ ತೆರಿಗೆ ಹಿಡಿದಿರುತ್ತಾರೆ. ರಿಟರ್ನ್ ಹಾಕದೆ ಸುಮ್ನೆ ಬಿಟ್ಟರೆ ವಾಪಸ್ ಬರಬೇಕಾದ ದುಡ್ಡೂ ಬರಲ್ಲ. ಮಿಕ್ಕಿದ್ದು ಬರೋದೂ ಎರಡು ಮೂರು ತಿಂಗಳು ತಡ. ಅಷ್ಟು ದಿನದ ಬಾಡಿಗೆ, ಊಟಕ್ಕೆ ಮೊದಲೇ ಎತ್ತಿಡು.

ಯಾವ ಫೋಟೋಗೆ ನಿಲ್ಲುತ್ತೀಯ ಅನ್ನೋದನ್ನೂ ನೋಡಿಕೋ. ಮಾಡೆಲ್ ಮಿಲಿಂದ್ ಸೋಮನ್ 1995ರಲ್ಲಿ ಒಂದು ಶೂ ಜಾಹೀರಾತಿಗೆ ಮೈಮೇಲೆ ಬಟ್ಟೆಯಿಲ್ಲದೆ ನಿಂತು ಅಶ್ಲೀಲ ಅಂತ ಕೇಸು ಹಾಕಿಸಿಕೊಂಡರು. ಖುಲಾಸೆ ಆಗಿದ್ದು 2009ರಲ್ಲಿ. ಗೆದ್ದರು, ಸರಿ. ಆದರೆ ಹದಿನಾಲ್ಕು ವರ್ಷ ಕೋರ್ಟಿಗೆ ಅಲೆಯುವ ಶಕ್ತಿ ನಮ್ಮ ಮನೆಯಲ್ಲಿ ಯಾರಿಗಿದೆ?

ಯುಗಾದಿಗೆ ಬಂದಾಗ ನೀನು ಬೆಣ್ಣೆ ದೋಸೆ ಮುಟ್ಟಲಿಲ್ಲ. ಅದಕ್ಕೆ ಬೇಜಾರಿಲ್ಲ. ದಾವಣಗೆರೆ ಬೆಣ್ಣೆ ನಿನಗಾಗಿ ಕಾಯುತ್ತೆ. ಆದರೆ ಮಾರನೇ ದಿನ ಶೂಟ್ ಇದೆ, ಮೈಕಟ್ಟಿನ ಗೆರೆ, ಅದೇ ನಿಮ್ಮ ‘ಕಟ್ಸ್’, ಕಾಣಬೇಕು ಅಂತ ನೀರನ್ನೂ ಕುಡಿಯದೆ ಕೂತಿದ್ದೆಯಲ್ಲ, ತುಟಿ ಒಡೆದಿತ್ತು, ಅವತ್ತು ನನಗೆ ಹೆದರಿಕೆಯಾಯಿತು. ತಲೆ ಸುತ್ತಿ ಬಿದ್ದರೆ, ಕಿಡ್ನಿಗೆ ತೊಂದರೆಯಾದರೆ ಯಾವ ಬ್ರ್ಯಾಂಡಿನವನೂ ಆಸ್ಪತ್ರೆಗೆ ಬರಲ್ಲ. ಜಿಮ್ಮಿನಲ್ಲಿ ಇಂಜೆಕ್ಷನ್ ಕೊಡುತ್ತೀನಿ ಅಂದವನ ಸಹವಾಸ ಅವತ್ತೇ ಬಿಡು.

ಈಗ ನಟನೆ ವಿಷಯಕ್ಕೆ ಬರುತ್ತೀನಿ. ನಿಜವಾಗಿ ಹೇಳಬೇಕಾಗಿದ್ದು ಇದೇ.

ನಮ್ಮೂರು ನಾಟಕ ಕಂಪನಿಗಳ ಊರು ಅನ್ನೋದು ನಿನಗೆ ಗೊತ್ತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿ ನಮ್ಮೂರಿನದೇ. ಒಂದು ವರ್ಷ ಬೇರೊಂದು ಕಂಪನಿ ಇಲ್ಲಿ ಕ್ಯಾಂಪ್ ಹಾಕಿತ್ತು. ಅದರ ನಟರೊಬ್ಬರು ಅಂಗಿ ಹೊಲಿಸೋಕೆ ಬಂದರು. ಪಾತ್ರ ಎಪಿಎಂಸಿ ಹಮಾಲಿಯದು. ನಾನು ಅಳತೆ ತಗೊಂಡು, ಶೋಲ್ಡರ್ ಸರಿಯಾಗಿ ಕೂರಿಸಿ, ಕಾಲರ್‌ಗೆ ಕ್ಯಾನ್ವಾಸ್ ಹಾಕಿ ಹೊಲಿದೆ. ಹಾಕಿ ನೋಡಿದವರು ಬಿಚ್ಚಿ ಕೊಟ್ಟರು. ‘ಮೇಷ್ಟ್ರೇ, ಇದು ಅಂಗಡಿ ಗೊಂಬೆಗೆ ಚೆನ್ನಾಗಿದೆ. ಇವನು ಇಪ್ಪತ್ತು ವರ್ಷದಿಂದ ಬಲಗಡೆ ಮೂಟೆ ಹೊರುತ್ತಾನೆ. ಬಲ ಭುಜ ಒಂದು ಬೆರಳು ಇಳಿಸಿ. ಕಾಲರ್ ಬಲಗಡೆ ಮಾತ್ರ ಸವೆಸಿ’ ಅಂದರು. ಆ ಮಾತು ಹೇಳುವಷ್ಟರಲ್ಲೇ ಅವರ ಭುಜ ಇಳಿದಿತ್ತು. ಹೇಗೆ ಗೊತ್ತಾಯಿತು ಅಂದರೆ, ಮೂರು ದಿನ ಬೆಳಿಗ್ಗೆ ಎಪಿಎಂಸಿಯಲ್ಲಿ ಟೀ ಕುಡಿಯುತ್ತಾ ಕೂತಿದ್ದರಂತೆ.

ಪುಟ್ಟು, ನೀನು ಇಷ್ಟು ದಿನ ಬಟ್ಟೆ ಚೆನ್ನಾಗಿ ಕಾಣಲಿ ಅಂತ ನಿಂತವನು. ರ‍್ಯಾಂಪ್ ಮೇಲೆ ನಗಬೇಡ, ಮುಖ ಖಾಲಿ ಇಡು ಅಂತ ಹೇಳಿಕೊಟ್ಟಿದ್ದಾರೆ. ನೋಡುವವರ ಕಣ್ಣು ಬಟ್ಟೆ ಮೇಲಿರಬೇಕಲ್ಲ. ಸಿನಿಮಾದಲ್ಲಿ ಎಲ್ಲಾ ಉಲ್ಟಾ. ಬಟ್ಟೆ ಮರೆತುಹೋಗಬೇಕು, ಒಳಗಿನ ಮನುಷ್ಯ ಕಾಣಬೇಕು. ನೀನು ಕಳಿಸಿದ ಆಡಿಷನ್ ವಿಡಿಯೋ ನಿಮ್ಮತ್ತೆ ಜೊತೆ ನೋಡಿದೆ. ತಂಗಿ ತೀರಿಕೊಂಡ ಸುದ್ದಿ ಕೇಳುವ ಸೀನು. ಕೇಳಿದ ತಕ್ಷಣ ನೀನು ಗಲ್ಲ ಸ್ವಲ್ಪ ಎತ್ತಿ ಬೆಳಕಿಗೆ ತಿರುಗಿದೆ. ತಂಗಿ ಸತ್ತವನು ಹಾಗೆ ತಿರುಗಲ್ಲ ಕಣೋ.

ಕಲಿಯೋಕೆ ಆರು ಲಕ್ಷ ಬೇಡ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ ಸಾಣೇಹಳ್ಳಿ ಇದೆ. ಅಲ್ಲಿ ರಂಗಶಾಲೆ ಇದೆ, 1997ರಿಂದ ಊರೂರು ತಿರುಗುವ ಶಿವಸಂಚಾರ ತಂಡ ಇದೆ. ಹೆಗ್ಗೋಡಿನ ನೀನಾಸಂ ಇದೆ. ಅಲ್ಲಿಗೆ ಹೋದರೆ ಕಸ ಗುಡಿಸಬೇಕು, ಸೆಟ್ ಹೊರಬೇಕು, ಹಿಂದಿನ ಸಾಲಿನವನಿಗೂ ಕೇಳುವ ಹಾಗೆ ಮಾತಾಡಬೇಕು. ಒಂದು ವರ್ಷ ಇನ್‌ಸ್ಟಾಗ್ರಾಂ ಸೊರಗಿದರೆ ಸೊರಗಲಿ. ಗಂಡಸಿಗೆ ಈ ಲೈನಿನಲ್ಲಿ ವಯಸ್ಸು ಅಷ್ಟು ಬೇಗ ಮುಳುವಾಗಲ್ಲ. ಹೆಣ್ಣುಮಕ್ಕಳಿಗೆ ಆ ಪುಣ್ಯ ಇಲ್ಲ, ಅದು ಅನ್ಯಾಯ, ಆ ಮಾತು ಇನ್ನೊಂದು ದಿನಕ್ಕಿರಲಿ.

ಮೊದಲೇ ಹೀರೋ ಆಗಬೇಕು ಅನ್ನೋ ಹಟವೂ ಬೇಡ. ದಿಗಂತ್ ನೋಡು, ಸಾಗರದ ಕಡೆಯವರು, ಮಾಡೆಲಿಂಗ್ ಮಾಡಿ ಬಂದವರು. 2006ರ ‘ಮುಂಗಾರು ಮಳೆ’ಯಲ್ಲಿ ಹೀರೋ ಅಲ್ಲ, ನಾಯಕಿಗೆ ಗೊತ್ತಾದ ಗಂಡು. ಒಂದರ ಮೇಲೊಂದು ಹೀರೋ ಪಾತ್ರ ಬಂದಿದ್ದು ಆಮೇಲೆ ಅಲ್ವಾ? ಅರ್ಜುನ್ ರಾಂಪಾಲ್ ಅಷ್ಟು ದೊಡ್ಡ ಮಾಡೆಲ್. 2001ರಲ್ಲಿ ಸಿನಿಮಾಕ್ಕೆ ಬಂದರು. ರಾಷ್ಟ್ರ ಪ್ರಶಸ್ತಿ ಸಿಕ್ಕಿದ್ದು 2008ರ ಸಿನಿಮಾಕ್ಕೆ, ಅದೂ ಪೋಷಕ ನಟನಾಗಿ. ನಿನಗೆ ಇಷ್ಟವಾದ ಜಾನ್ ಅಬ್ರಹಾಂ ದುಡ್ಡು ಹಾಕಿದರು, ಹೌದು. ಆದರೆ 2012ರಲ್ಲಿ, ಸಂಪಾದನೆ ಮಾಡಿದ ಮೇಲೆ, ‘ವಿಕ್ಕಿ ಡೋನರ್’ಗೆ. ಅದರಲ್ಲಿ ಹೀರೋ ಮಾಡಿದ್ದು ಬೇರೆ ಹುಡುಗನನ್ನು. ಅಪ್ಪನ ತೋಟ ಅಡ ಇಟ್ಟು ತನ್ನನ್ನೇ ಹೀರೋ ಮಾಡಿಕೊಳ್ಳಲಿಲ್ಲ.

ಹಾಂ, ನಮ್ಮ ಮಾತಿನ ಧಾಟಿ ಬಿಡಿಸೋಕೆ ಯಾರೋ ಕೋಚ್ ಇಟ್ಟಿದ್ದೀಯಂತೆ. ಬೆಂಗಳೂರಿನ ಮಾತು ಕಲಿ, ಬೇಡ ಅನ್ನಲ್ಲ. ಆದರೆ ‘ಏನ್ಲೇ’ ಅನ್ನೋದನ್ನ ಮರೆತು ಬರಬೇಡ. ನಾಳೆ ಯಾರಾದರೂ ದಾವಣಗೆರೆ ಹುಡುಗನ ಪಾತ್ರ ಬರೆದರೆ ಅದನ್ನೂ ನೀನು ಕೋಚ್ ಹತ್ತಿರ ಕಲಿಯಬೇಕಾಗುತ್ತೆ.

ಅಪ್ಪನಿಗೆ ಫೋನ್ ಮಾಡಿ ‘ತೋಟದ ಮಾತು ಬಿಟ್ಟೆ’ ಅಂತ ಹೇಳು. ನಿನ್ನ ಬಾಯಿಂದಲೇ ಬರಬೇಕು. ನಿಮ್ಮವ್ವ ಇವತ್ತು ರಾತ್ರಿಯಾದರೂ ನಿದ್ದೆ ಮಾಡಲಿ. ಸಾಣೇಹಳ್ಳಿಗೆ ಹೋಗೋದಾದರೆ ಖರ್ಚು ನಾನು ಕೊಡುತ್ತೀನಿ. ದುಗ್ಗಮ್ಮನ ಜಾತ್ರೆಗೆ ಬಾ. ಒಂದು ಒಳ್ಳೇ ಕಾಟನ್ ಥಾನು ಎತ್ತಿಟ್ಟಿದ್ದೀನಿ, ಅಂಗಿ ಹೊಲಿಯುತ್ತೀನಿ. ಹೋದ ಸಲ ಟೇಪು ಹಿಡಿದಾಗಲೂ ಕ್ಯಾಮೆರಾ ಇದೆಯೇನೋ ಅನ್ನೋ ಹಾಗೆ ಎದೆ ಉಬ್ಬಿಸಿ ನಿಂತಿದ್ದೆ. ಆ ಅಂಗಿ ಇವತ್ತಿಗೂ ನಿನಗೆ ದೊಗಲೆ. ಈ ಸಲ ಉಸಿರು ಬಿಟ್ಟು ನಿಂತುಕೋ.

ನಿನ್ನ ಸೋದರಮಾವ