ಸೆನ್ಸರ್ ಬದಲಿಸುವ ಮೊದಲು ವೈರ್ ನೋಡಿ

ಮಾನ್ಯ ಸಂಪಾದಕರೇ,

ಈ ಮಳೆಗಾಲದಲ್ಲಿ ನಮ್ಮ ಹೊಸನಗರ ತಾಲ್ಲೂಕಿನಲ್ಲಿ ಉಷ್ಣಾಂಶ ಮೈನಸ್ 40 ಡಿಗ್ರಿಗೆ ಇಳಿದಿತ್ತು. ನಿಮ್ಮ ಪತ್ರಿಕೆಯಲ್ಲಿ ಸುದ್ದಿ ಬರಲಿಲ್ಲ, ಯಾಕೆಂದರೆ ಇಳಿದದ್ದು ನನ್ನ ಕಾರಿನ ಕಂಪ್ಯೂಟರ್ ಲೆಕ್ಕದಲ್ಲಿ ಮಾತ್ರ. ಆ ಲೆಕ್ಕ ಎಲ್ಲಿ ತಪ್ಪಿತು ಅಂತ ಯಾರೂ ಕೇಳಲಿಲ್ಲ. ನನಗೆ ಐದು ಸಾವಿರ ಚಿಲ್ಲರೆ ಕೈಬಿಟ್ಟಿತು. ಬೇರೆಯವರಿಗೂ ಹೀಗೇ ಆಗುತ್ತಿರಬಹುದು ಅಂತ ಈ ಪತ್ರ.

ನಾನು ಅಡಿಕೆ ಬೆಳೆಗಾರ. ಅದಕ್ಕೂ ಮೊದಲು ಇಪ್ಪತ್ತು ವರ್ಷ ರೇಡಿಯೊ, ಟಿವಿ ರಿಪೇರಿ ಅಂಗಡಿ ಇಟ್ಟಿದ್ದೆ. ಅಂಗಡಿ ಮುಚ್ಚಿತು, ಮಲ್ಟಿಮೀಟರ್ ಮಾತ್ರ ಮನೆಯಲ್ಲೇ ಉಳಿಯಿತು.

ಜುಲೈನಲ್ಲಿ ಕಾರು ಹಟ ಶುರು ಮಾಡಿತು. ಪೆಟ್ರೋಲ್ ಕಾರು, ಎಂಟು ವರ್ಷದ್ದು. ಬೆಳಿಗ್ಗೆ ಚಾವಿ ತಿರುಗಿಸಿದರೆ ಎಂಜಿನ್ ಇನ್ನೂ ತಣ್ಣಗಿರುವಾಗಲೇ ರೇಡಿಯೇಟರ್ ಫ್ಯಾನ್ ಗಿರ್ ಅಂತ ತಿರುಗುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ. ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ, ಕಪ್ಪು ಹೊಗೆ. 16 ಕೊಡುತ್ತಿದ್ದ ಮೈಲೇಜ್ 11ಕ್ಕೆ ಬಂತು. ಶಿವಮೊಗ್ಗಕ್ಕೆ ಒಯ್ದೆ. ಮೆಕ್ಯಾನಿಕ್ ಹುಡುಗ ಸ್ಕ್ಯಾನರ್ ಚುಚ್ಚಿ, "ಪಿ0118 ಬಂದಿದೆ ಸಾರ್, ಕೂಲೆಂಟ್ ಸೆನ್ಸರ್ ಹೋಗಿದೆ" ಅಂದ. ಪಿ0118 ಅನ್ನುವುದು ಕಾರು ಕೊಡುವ ದೋಷದ ಕೋಡ್, ಕೂಲೆಂಟ್ ಸೆನ್ಸರ್ ಅಂದರೆ ಎಂಜಿನ್ ತಂಪಾಗಿಸುವ ನೀರಿನ ಬಿಸಿ ಅಳೆಯುವ ಸಾಮಾನು. ಹೊಸದು ಹಾಕಿದ. ದೀಪ ಆರಿತು. ಒಂದು ವಾರ ಸುಖ. ರಿಪ್ಪನ್‌ಪೇಟೆ ದಾಟುವಾಗ ಒಂದು ಹೊಂಡಕ್ಕೆ ಇಳಿದದ್ದೇ ತಡ, ಮತ್ತೆ ದೀಪ. ಎರಡನೇ ಸಲ ಥರ್ಮೋಸ್ಟಾಟ್ ಬದಲಾಯಿತು. ಮೂರನೇ ಸಲ "ಇಸಿಯುನೇ ಹೋಗಿರಬೇಕು ಸಾರ್, 28 ಸಾವಿರ ಆಗುತ್ತೆ" ಅಂದರು. ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ನಾನು ಕೈಮುಗಿದು ಮನೆಗೆ ಬಂದೆ.

ಒಂದು ಒಳ್ಳೇ ಕೆಲಸ ಮಾಡಿದ್ದೆ. ಹಳೆಯ ಸೆನ್ಸರ್ ಕೇಳಿ ಇಸ್ಕೊಂಡಿದ್ದೆ. ಆ ಸೆನ್ಸರ್ ಒಳಗಿರುವುದು ಒಂದು ಥರ್ಮಿಸ್ಟರ್, ಅಷ್ಟೇ. ಬಿಸಿಗೆ ತಕ್ಕಂತೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬದಲಾಗುತ್ತದೆ. ಹಳೇ ಕಲರ್ ಟಿವಿಯಲ್ಲೂ ಒಂದು ಇರುತ್ತಿತ್ತು, ಪಿಕ್ಚರ್ ಟ್ಯೂಬಿನ ಬಣ್ಣದ ಕಲೆ ತೆಗೆಯುವ ಕಾಯಿಲ್ ಜೊತೆ. ಅದು ಬಿಸಿಯಾದಂತೆ ರೆಸಿಸ್ಟೆನ್ಸ್ ಏರುವ ಜಾತಿ. ಕಾರಿನದ್ದು ಉಲ್ಟಾ, ಬಿಸಿಯಾದಂತೆ ಇಳಿಯುತ್ತದೆ. ಆ ಹಳೇ ಸೆನ್ಸರ್‌ಗೆ ಬೆಳಗಿನ ಚಳಿಯಲ್ಲಿ ಮೀಟರ್ ಹಿಡಿದರೆ 2,300 ಓಮ್ ತೋರಿಸಿತು. ಒಲೆಯ ಮೇಲೆ ನೀರಿಟ್ಟು ಅದರ ತುದಿ ಅದ್ದಿದೆ. "ಕಾರಿನ ಸಾಮಾನು ಕುದಿಸೋಕೆ ನನ್ನ ಚಾ ಪಾತ್ರೆಯೇ ಬೇಕಿತ್ತಾ?" ಅಂತ ಮನೆಯವಳು ಬೈದಳು. ನೀರು ಕಾದಂತೆ ಅಂಕಿ ಎಲ್ಲೂ ತಡವರಿಸದೆ ಇಳಿಯುತ್ತಾ ಹೋಗಿ, ಕುದಿಯುವಾಗ 190ರ ಆಸುಪಾಸು ನಿಂತಿತು. ಅಂದರೆ ಕಸದ ಬುಟ್ಟಿಗೆ ಹೋಗಬೇಕಿದ್ದ ಸೆನ್ಸರ್ ಗಟ್ಟಿಯಾಗೇ ಇತ್ತು.

ಹಾಗಾದರೆ ಮೈನಸ್ 40 ಎಲ್ಲಿಂದ ಬಂತು? ಇಸಿಯು ಒಂದು ವೈರಿನಲ್ಲಿ 5 ವೋಲ್ಟ್ ಕಳಿಸುತ್ತದೆ. ಸೆನ್ಸರ್ ದಾಟಿ ಇನ್ನೊಂದು ವೈರಿನಲ್ಲಿ ಅದು ಅರ್ತಿಗೆ ಹೋಗುತ್ತದೆ. ಎಂಜಿನ್ ತಣ್ಣಗಿದ್ದಾಗ ಸಿಗ್ನಲ್ ವೈರಿನಲ್ಲಿ ಸಾಮಾನ್ಯವಾಗಿ ಮೂರು ವೋಲ್ಟಿನ ಆಸುಪಾಸು ಉಳಿಯುತ್ತದೆ, ಬಿಸಿಯಾದಾಗ ಒಂದಕ್ಕಿಂತ ಕಡಿಮೆ. ದಾರಿಯೇ ಕಡಿದುಹೋದರೆ ಐದಕ್ಕೆ ಐದೂ ಅಲ್ಲೇ ನಿಲ್ಲುತ್ತದೆ. ಇಸಿಯುಗೆ ಅದರ ಅರ್ಥ ಅಂಟಾರ್ಕ್ಟಿಕಾ ಚಳಿ. ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಆ ಅಂಕಿಯ ಮೇಲೆ ಅದಕ್ಕೇ ನಂಬಿಕೆ ಇಲ್ಲದೆ, ಎಂಜಿನ್ ಕಾದು ಕೆಡದಿರಲಿ ಅಂತ ಫ್ಯಾನನ್ನೂ ಓಡಿಸಿಬಿಡುತ್ತದೆ. ಪಿ0118 ಅಂದರೆ ಇಷ್ಟೇ: ಸರ್ಕ್ಯೂಟಿನಲ್ಲಿ ವೋಲ್ಟೇಜ್ ಜಾಸ್ತಿ ಇದೆ. ಸೆನ್ಸರ್ ಹೋಗಿದೆ ಅಂತ ಆ ಕೋಡ್ ಎಲ್ಲೂ ಹೇಳುವುದಿಲ್ಲ. ವೋಲ್ಟೇಜ್ ಕಡಿಮೆಯಾದರೆ ಪಿ0117, ಅಲ್ಲೂ ಇದೇ ಕಥೆ, ವೈರ್ ಅರ್ತಿಗೆ ತಾಗಿಯೂ ಬರಬಹುದು.

ಇದನ್ನು ಬೇರ್ಪಡಿಸಿ ನೋಡಲು ಎರಡು ನಿಮಿಷ ಸಾಕು. ಸೆನ್ಸರ್‌ನ ಕನೆಕ್ಟರ್ ಕಳಚಿ ಸ್ಕ್ಯಾನರ್ ನೋಡಿ, ಮೈನಸ್ 40 ಬರಬೇಕು. ಆಮೇಲೆ ಕನೆಕ್ಟರಿನ ಎರಡೂ ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಕೂಡಿಸಿ, ಅಂಕಿ ನೂರು ದಾಟಿ ಮೇಲೆ ಹಾರಬೇಕು. ಎರಡೂ ಆದರೆ ವೈರ್ ಸರಿ, ಇಸಿಯು ಸರಿ, ಸೆನ್ಸರ್ ಬದಲಿಸಿ. ಕೂಡಿಸಿದರೂ ಅಂಕಿ ಜಗ್ಗದಿದ್ದರೆ ಸೆನ್ಸರ್ ಕೊಳ್ಳಬೇಡಿ, ವೈರಿನ ಹಿಂದೆ ಹೋಗಿ. ಮೂರು ಪಿನ್ ಇರುವ ಗಾಡಿಯಲ್ಲಿ ಮಾತ್ರ ಡಯಾಗ್ರಾಂ ನೋಡದೆ ಏನನ್ನೂ ಕೂಡಿಸಬೇಡಿ. ಕೋಡ್ ಬಂದ ಮೇಲೆ ಕೆಲವು ಇಸಿಯುಗಳು ತಾವೇ ಊಹಿಸಿದ ಅಂಕಿ ತೋರಿಸುತ್ತವೆ, ಅಲ್ಲೂ ಮೋಸ ಹೋಗುತ್ತೀರಿ.

ನನ್ನ ಹತ್ತಿರ ಸ್ಕ್ಯಾನರ್ ಇಲ್ಲ. ಕನೆಕ್ಟರ್ ಕಳಚಿ, ಚಾವಿ ಆನ್ ಮಾಡಿ, ಸಿಗ್ನಲ್ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆದೆ. ಸರಿಯಾಗಿ 5 ವೋಲ್ಟ್. ಇಸಿಯು ಪಾಪ ತನ್ನ ಕೆಲಸ ಮಾಡುತ್ತಿತ್ತು. ಚಾವಿ ಆಫ್ ಮಾಡಿ ಅರ್ತಿನ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ ಓಮ್ ಅಳೆದೆ. ಸೊನ್ನೆಯ ಹತ್ತಿರ ಇರಬೇಕಾದ್ದು, ಮೀಟರಿನ ಎಡಗಡೆ ಬರೀ 1 ನಿಂತಿತು. ರಿಪೇರಿಯವರಿಗೆ ಗೊತ್ತು, ಆ ಒಂಟಿ 1 ಅಂದರೆ ದಾರಿ ಇಲ್ಲ ಅಂತ. ಒಂದು ಕೈಯಲ್ಲಿ ಪ್ರೋಬ್ ಹಿಡಿದು ಇನ್ನೊಂದು ಕೈಯಲ್ಲಿ ವೈರಿನ ಕಟ್ಟನ್ನು ಅಲ್ಲಾಡಿಸುತ್ತಾ ಹೋದೆ. ಬ್ಯಾಟರಿ ಟ್ರೇ ಹಿಂದೆ ಕೈ ಹೋದಾಗ ಅಂಕಿ ಮಿಂಚಿ ಮಾಯವಾಯಿತು. ಬಗ್ಗಿ ನೋಡಿದರೆ ಅಡಿಕೆ ಸಿಪ್ಪೆ, ಹಾಳೆ ಚೂರು, ಹಳೇ ಬಟ್ಟೆ ನಾರು. ಇಲಿ ಅಲ್ಲಿ ಸಂಸಾರ ಹೂಡಿತ್ತು. ಟೇಪ್ ಹರಿದು, ಕಂದು ಬಣ್ಣದ ಆ ವೈರನ್ನು ಕಡಿದು, ಎರಡೇ ಎರಡು ಎಳೆ ಉಳಿಸಿತ್ತು. ಆ ಎಳೆಗಳೂ ತುಂಡಾಗಿ, ಹಸಿರು ಕಿಲುಬು ಹಿಡಿದು, ಒಂದಕ್ಕೊಂದು ತಾಗಿಯೂ ತಾಗದ ಹಾಗೆ ಇದ್ದವು.

ಹೊಸ ಸೆನ್ಸರ್ ಹಾಕಿದಾಗ ದೀಪ ಆರಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಕನೆಕ್ಟರ್ ಎಳೆದಾಡುವಾಗ ಆ ಎಳೆಗಳು ಕೂಡಿಕೊಂಡಿದ್ದವು. ಮೆಕ್ಯಾನಿಕ್ ಸುಳ್ಳು ಹೇಳಿರಲಿಲ್ಲ, ಅವನ ಕಣ್ಣೆದುರಿಗೇ ದೀಪ ಆರಿತ್ತಲ್ಲ! ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ ಬಿಸಿ ಮಾಡಿ ಕೂರಿಸಿದೆ. ಇಪ್ಪತ್ತು ರೂಪಾಯಿ ಖರ್ಚು. ಸುಮ್ನೆ ತಿರುಚಿ ಟೇಪ್ ಸುತ್ತಿದ್ದರೆ ನಮ್ಮ ಮಳೆಗೆ ಮತ್ತೆ ಕಿಲುಬು ಬರುತ್ತಿತ್ತು.

ಗ್ಯಾರೇಜಿನವರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಬೈಯಬೇಕಾದ್ದು ನಮ್ಮನ್ನೇ. ನನ್ನ ಅಂಗಡಿಗೆ ಟಿವಿ ತರುತ್ತಿದ್ದವರು "ಎಂತ ಹಾಕಿದ್ದು?" ಅಂತ ಕೇಳುತ್ತಿದ್ದರು. ಎರಡು ತಾಸು ಹುಡುಕಿ ಒಂದು ಸೋಲ್ಡರ್ ಹಾಕಿದೆ ಅಂದರೆ "ಅಷ್ಟಕ್ಕೆ ಐವತ್ತು ರೂಪಾಯಿಯಾ?" ಅಂತ ರಾಗ. ಒಂದು ಟ್ರಾನ್ಸಿಸ್ಟರ್ ತೋರಿಸಿದರೆ ಮಾತಿಲ್ಲದೆ ನೂರು ಕೊಡುತ್ತಿದ್ದರು. ನಾನೂ ಕೆಲವು ಸಲ ಸುಮ್ನೆ ಟ್ರಾನ್ಸಿಸ್ಟರ್ ಬದಲಿಸಿದ್ದುಂಟು, ಈಗ ಒಪ್ಪಿಕೊಳ್ಳುತ್ತೇನೆ. ಹುಡುಕಿದ್ದಕ್ಕೆ ಕೂಲಿ ಇಲ್ಲ, ಸಾಮಾನಿಗೆ ಮಾತ್ರ ದುಡ್ಡು ಅಂದರೆ ಯಾರು ಹುಡುಕುತ್ತಾರೆ?

ಅದಕ್ಕೇ ಜಿಲ್ಲೆಯ ಗ್ಯಾರೇಜಿನವರಲ್ಲಿ ನನ್ನ ಕೋರಿಕೆ: ಪರೀಕ್ಷೆಗೆ ಬೇರೆ ದರ ಬರೆದು ಗೋಡೆಗೆ ಹಾಕಿ. ಬಿಲ್ಲಿನಲ್ಲಿ ಅಳತೆಯ ಅಂಕಿ ಬರೆಯಿರಿ. ಕಳಚಿದ ಸಾಮಾನು ಕೇಳದೆಯೇ ಕೊಡಿ. ಐಟಿಐಗಳಲ್ಲಿ ಸ್ಕ್ಯಾನರ್ ಹಿಡಿಯುವ ಮೊದಲು ಮೀಟರ್ ಹಿಡಿಯಲು ಕಲಿಸಿ. ಈಗಿನ ಎಷ್ಟೋ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ, ಬರೀ ನೀಲಿ ದೀಪ, ಕೆಂಪು ದೀಪ. ಆಗುಂಬೆ ಘಾಟಿಯ 14 ತಿರುವು ಹತ್ತುವವನು ಆ ದೀಪವನ್ನೇ ನಂಬಿಕೊಂಡಿರುತ್ತಾನೆ ಅಲ್ವಾ?

ಹೋದ ವಾರ ಭಾವನ ಪಿಕಪ್‌ಗೂ ಇದೇ ಕಾಟ. ಈ ಸಲ ಬೇರೆ ಗ್ಯಾರೇಜು. ಮೊದಲೇ ಹೇಳಿದೆ, "ತಮ್ಮ, ಪಾರ್ಟ್ ಬೇಡ, ನೋಡು. ನೋಡಿದ್ದಕ್ಕೆ ಮುನ್ನೂರು ಕೊಡ್ತೇನೆ." ಅರ್ಧ ಗಂಟೆ ನೋಡಿದ. ಕನೆಕ್ಟರ್ ಒಳಗೆ ನೀರು ಹೋಗಿ ಪಿನ್ ಹಸಿರಾಗಿತ್ತು. ತೊಳೆದು ಒಣಗಿಸಿ ಕೂರಿಸಿದ. ಬಿಲ್ ಪುಸ್ತಕದಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಸ್ವಲ್ಪ ಹೊತ್ತು ಪೆನ್ನು ಹಿಡಿದು ಯೋಚಿಸಿ, 'ಸಾಮಾನು' ಅನ್ನುವುದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ನೋಡಿದ್ದು – 300' ಅಂತ ಬರೆದುಕೊಟ್ಟ.

– ಒಬ್ಬ ಹಳೇ ರೇಡಿಯೊ ರಿಪೇರಿಯವ, ಹೊಸನಗರ ತಾಲ್ಲೂಕು