ಮಿಲ್ಟೌನ್ ಮಾಲ್ಬೇಯ ಆ ಹಿರಿಯರಿಗೆ

ಐರ್ಲೆಂಡಿನ ಕೌಂಟಿ ಕ್ಲೇರ್‌ನಲ್ಲಿ, ಜುಲೈನ ವಿಲ್ಲಿ ಕ್ಲಾನ್ಸಿ ಸಾಂಪ್ರದಾಯಿಕ ಸಂಗೀತದ ಬೇಸಿಗೆ ಶಾಲೆಯ ವಾರ, ಲಾಶೆನಾಲ್ ಕಂಪನಿಯ ಹಳೆಯ ಕನ್ಸರ್ಟಿನಾ (ಎರಡೂ ಕೈಯಲ್ಲಿ ಹಿಡಿದು, ತಿದಿ ಒತ್ತಿ ನುಡಿಸುವ ಪುಟ್ಟ ವಾದ್ಯ) ಒಂದಕ್ಕೆ ಇನ್ನೇನು ಮುಂಗಡ ಕೊಡುವುದರಲ್ಲಿದ್ದೆ. ‘ಸ್ವಲ್ಪ ತಾಳಮ್ಮ’ ಅಂದಿರಿ ನೀವು. ಮಾರುವವರನ್ನು ಕೇಳಿ, ಒಂದು ಬದಿಯ ಆರು ತಿರುಪು ಬಿಚ್ಚಿ, ಸ್ವರ ಹೊರಡಿಸುವ ಲೋಹದ ನಾಲಗೆಗಳಾದ ರೀಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದಿರಿ. ಹಳದಿ ಹೊಳಪು. ಹಿತ್ತಾಳೆ! ಕೇಳಿದ್ದು ಮಾತ್ರ ಸ್ಟೀಲ್ ರೀಡಿನ ಬೆಲೆ. ಹಿತ್ತಾಳೆಯ ದನಿ ಮೆದು, ಪಿಟೀಲುಗಳ ನಡುವೆ ಮುಳುಗಿಹೋಗುತ್ತದೆ ಎಂದು ನುಡಿಸಿಯೇ ತೋರಿಸಿದಿರಿ. ಸಂಜೆಯೊಳಗೆ ಸ್ಟೀಲ್ ರೀಡಿನ, 30 ಗುಂಡಿಯ ಆಂಗ್ಲೋ ಬಗೆಯ ಕನ್ಸರ್ಟಿನಾ ಒಂದನ್ನು ನೀವೇ ಹುಡುಕಿಕೊಟ್ಟಿರಿ. ಹೆಚ್ಚು ಬೆಲೆ ಕೊಡುವ ವ್ಯಾಪಾರಿಗಿಂತ ನುಡಿಸುವವರ ಕೈಗೇ ಹೋಗಲಿ ಎಂದರು ಅದರ ಒಡತಿ. ಒಂದು ಲೋಟ ಚಹಾ ಕೂಡ ಕುಡಿಯದೆ ಹೊರಟುಬಿಟ್ಟಿರಿ, ಹೆಸರೂ ಕೇಳಲಾಗಲಿಲ್ಲ. ಹೃದಯ ತುಂಬಿ ಧನ್ಯವಾದ. ದಿನವೂ ನುಡಿಸುತ್ತಿದ್ದೇನೆ.